ಅಂಕೋಲೆಯ ಸೂಜಿಮದ್ದು

ವೈಶಾಖದ ಬಿಸಿಲು ಏರುವ ಮೊದಲೇ ಕಾರವಾರದಿಂದ ಅಂಕೋಲೆಗೆ ಹೋಗುವ ಬೆಳಗಿನ ಮೋಟಾರು ಹತ್ತಿದೆ. ಇಪ್ಪತ್ತು ಮೈಲಿಯ ದಾರಿ, ಮೈಯೆಲ್ಲ ಕೆಂಧೂಳು. ಮುಂಬಯಿಯಲ್ಲಿ ನನ್ನ ಜೊತೆ ವೈದ್ಯಕೀಯ ಓದಿದ ಸುಮತಿ, ವಿಯೆನ್ನಾದಲ್ಲಿ ಹಾರ್ಮೋನುಗಳ ವಿಷಯ ಕಲಿತು ಬಂದು, ತವರೂರು ಅಂಕೋಲೆಯಲ್ಲಿ ದವಾಖಾನೆ ತೆರೆದಿದ್ದಳು. ಬಂದು ನೋಡು ಎಂದು ಮತ್ತೆ ಮತ್ತೆ ಹೇಳಿಕಳಿಸುತ್ತಿದ್ದಳು. ವಿಯೆನ್ನಾಕ್ಕೆ ಹೋಗಬೇಕೆಂದು ಮೊದಲು ಹಂಬಲಿಸಿದವಳು ನಾನು. ಅಪ್ಪ ಒಪ್ಪಿರಲಿಲ್ಲ.

ಬಿಣಗಾ ದಾಟಿದ ಮೇಲೆ ಹಿಂದಿನ ಸಾಲಿನಲ್ಲಿ ದೇವಕಿಯನ್ನು ಕಂಡೆ. ಕಾರವಾರದ ನನ್ನ ದವಾಖಾನೆಗೆ ಬರುತ್ತಿದ್ದ, ಬೈತಖೋಲದ ಮೀನುಗಾರರ ಮನೆಯ ಸೊಸೆ. ಮೂರು ಸಲ ಅವಳ ಗರ್ಭ ಇಳಿದಾಗಲೂ ಪಕ್ಕದಲ್ಲಿ ಕೂತಿದ್ದವಳು ನಾನೇ.

"ಎಲ್ಲಿಗೆ ಹೊರಟೆ?" ಎಂದೆ.

"ಅಂಕೋಲೆಗೆ, ಬಾಯೋರೆ. ಮತ್ತೆ ಮುಟ್ಟು ನಿಂತದೆ. ಅಲ್ಲಿ ಹೊಸ ಬಾಯೋರು ಸೂಜಿ ಹಾಕ್ತ್ರಂತೆ, ಬಸಿರು ನಿಲ್ತದಂತೆ." ತುಸು ತಡೆದು, "ನಿಮ್ಗೆ ಬೇಜಾರಿಲ್ಲ ಅಲ್ಲ?" ಎಂದಳು.

"ಎಂತಕ್ಕೆ ಬೇಜಾರು?" ಎಂದು ಕಿಟಕಿಯತ್ತ ತಿರುಗಿದೆ. ದಾರಿಯ ಅವರ್ಸಾ ಊರು ಬಂದು ಹೋದದ್ದೇ ತಿಳಿಯಲಿಲ್ಲ.

ದವಾಖಾನೆಯ ಜಗಲಿ ತುಂಬ ಹೆಂಗಸರು. ಹಳ್ಳಿಯ ಒಕ್ಕಲು ಹೆಂಗಸರು, ಪೇಟೆಯವರು, ಕುಮಟೆಯಿಂದ ಬಂದವರೂ ಇದ್ದರು. ನನ್ನ ಜಗಲಿಯಲ್ಲಿ ಅಷ್ಟು ಜನರನ್ನು ನಾನು ಎಂದೂ ಕಂಡಿರಲಿಲ್ಲ. ಸುಮತಿ ಓಡಿಬಂದು ಕೈ ಹಿಡಿದಳು, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ದೇವಕಿಯನ್ನು ಒಳಗೆ ಕರೆದಳು. ಮುಟ್ಟು ಎಷ್ಟು ದಿನಕ್ಕೊಮ್ಮೆ, ಮೊಲೆ ನೋಯುತ್ತದೆಯೇ, ಹಿಂದಿನ ಗರ್ಭಗಳು ಯಾವ ತಿಂಗಳಲ್ಲಿ ಹೋದವು ಎಂದು ನಿಧಾನವಾಗಿ ಕೇಳುತ್ತ ಹೋದಳು. ನನ್ನೆದುರು ನೆಲ ನೋಡಿ ಕೂರುತ್ತಿದ್ದ ದೇವಕಿ ಅಲ್ಲಿ ತಾನಾಗಿ ಎಲ್ಲ ಹೇಳಿದಳು.

ಪೆಟ್ಟಿಗೆಯಿಂದ ಪುಟ್ಟ ಗಾಜಿನ ಕೊಳವೆಯೊಂದನ್ನು ತೆಗೆದು ಸುಮತಿ ಬೆಳಕಿಗೆ ಹಿಡಿದಳು. "ಗರ್ಭವನ್ನು ಹಿಡಿದಿಡುವ ರಸ ಅಂಡಾಶಯದಲ್ಲೇ ಹುಟ್ಟಬೇಕು. ಇವಳಲ್ಲಿ ಅದು ಸಾಲದು ಅಂತ ನನ್ನ ಊಹೆ. ಇದು ಹಂದಿಯ ಅಂಡಾಶಯದಿಂದ ತೆಗೆದದ್ದು," ಎಂದು ಕೊನೆಯ ಮಾತನ್ನು ನನ್ನ ಕಿವಿಯಲ್ಲಿ ಹೇಳಿದಳು.

"ಖಾತ್ರಿ ಉಂಟಾ?" ಎಂದೆ.

"ಇಲ್ಲ. ಕೆಲವರಿಗೆ ಹಿಡಿದದೆ, ಕೆಲವರಿಗೆ ಇಲ್ಲ."

ಅವಳು ಜಂಬ ಕೊಚ್ಚಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ, ಮೇಲೆ ಈಶಾಡು ಮಾವಿನಹಣ್ಣು ಬಡಿಸಿದಳು. ಊಟದ ನಡುವೆ ಹೇಳಿದಳು: "ವಾರಕ್ಕೆರಡು ಸೂಜಿ ಬೇಕು. ಈ ಮೋಟಾರಿನ ಕುಲುಕಾಟಕ್ಕೇ ಅವಳ ಬಸಿರು ಹೋದೀತು. ಕಾರವಾರದಲ್ಲಿ ನೀನೇ ಹಾಕು ಮಾರಾಯ್ತಿ. ಹೆರಿಗೆಯೂ ನಿಂದೇ. ನಾನು ವಿಯೆನ್ನಾದಲ್ಲಿ ಹೆರಿಗೆಗಿಂತ ಪ್ರಯೋಗದ ಇಲಿಗಳನ್ನು ನೋಡಿದ್ದೇ ಹೆಚ್ಚು."

ಅವಳ ಮದ್ದು, ನನ್ನ ಕೈ. ಬೇಡವೆನ್ನಲು ಬಾಯಿ ತೆರೆದವಳು, ಜಗಲಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದ ದೇವಕಿಯನ್ನು ಕಂಡು "ಆಯ್ತು, ಮದ್ದು ಕೊಡು" ಎಂದೆ.

ಸಂಜೆಯ ಮೋಟಾರಿನಲ್ಲಿ ಮದ್ದಿನ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಅಮದಳ್ಳಿ ದಾಟಿದ ಮೇಲೆ ದೇವಕಿ ಮೆಲ್ಲಗೆ ಕೇಳಿದಳು: "ಬಾಯೋರೆ, ನೀವು ಹಾಕಿದ್ರೂ ಆ ಬಾಯೋರ ಕೈಗುಣ ಬರ್ತದಾ?"

"ಬರ್ತದೆ," ಎಂದೆ.

ಅವಳು ಕಾರವಾರದಲ್ಲಿ ಇಳಿದು, ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಬೈತಖೋಲದ ದಾರಿ ಹಿಡಿದಳು. ವಾರಕ್ಕೆರಡು ಸೂಜಿ ನಾನೇ ಹಾಕಿದೆ, ಆ ಬಸಿರು ನಿಂತಿತು. ಚಳಿಗಾಲದಲ್ಲಿ ಹೆಣ್ಣುಮಗು ನನ್ನ ಕೈಯಲ್ಲೇ ಹುಟ್ಟಿತು. ಹೊಕ್ಕುಳಬಳ್ಳಿ ಕಟ್ಟುವಷ್ಟರಲ್ಲಿ ದೇವಕಿಯ ಅತ್ತೆ ಬಾಗಿಲಿಂದಲೇ ಅಂದಳು: "ಅಂಕೋಲೆ ಬಾಯೋರಿಗೆ ಮೊದ್ಲು ಸುದ್ದಿ ಮುಟ್ಟಿಸ್ಬೇಕು." ನಾನು ಅಂಕೋಲೆಗೆ ಹೋಗಲಿಲ್ಲ. ಮೋಟಾರಿನ ಡ್ರೈವರನ ಮೂಲಕ ಸುಮತಿಗೆ ಸುದ್ದಿ ಹೇಳಿ ಕಳಿಸಿದೆ.