ಹಾಲ್ಮಡ್ಡಿಯೂ ಮೀನಿನ ಗಾಡಿಯ ಐಸೂ

ಕಾಫಿ ಒಣಗಿಸುವ ಕಣವನ್ನು ಅಗಲ ಮಾಡಿಸಿದ ವರ್ಷ ಜೆಸಿಬಿ ತಾಗಿ, ಪಕ್ಕದಲ್ಲಿದ್ದ ಹಾಲ್ಮಡ್ಡಿ ಮರದ ತೊಗಟೆ ಆಳುದ್ದಕ್ಕೆ ಸುಲಿದು ಹೋಯಿತು. ಮರ ಸಾಯಲಿಲ್ಲ. ಬೇಸಿಗೆ ಬಂದದ್ದೇ ಆ ಗಾಯದಿಂದ ಅಂಟು ಒಸರತೊಡಗಿತು. ಜೇನಿಗಿಂತ ಮಂದವಾದ, ಬೂದು ಬಣ್ಣದ ಅಂಟು. ಅದು ಮೆಲ್ಲಗೆ ಇಳಿದು ಕಣದ ಅಂಚಿಗೆ ಬಂತು, ಹರವಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜಕ್ಕೆ ಮೆತ್ತಿಕೊಂಡಿತು. ಕಾಲಿಗೆ ಹತ್ತಿಕೊಂಡು ಜಗಲಿಗೆ ಬಂತು, ಜಗಲಿಯಿಂದ ನಡುಮನೆಗೂ ಬಂತು.

ನಮ್ಮ ಮನೆಯವರು ಯಾವುದಕ್ಕೂ ಬೇಗ ಸಿಟ್ಟಾಗುವವರಲ್ಲ. ಕಣ ಮಾತ್ರ ಚೊಕ್ಕಟವಾಗಿರಬೇಕು. ಒಂದು ಸಂಜೆ ಮರದ ವ್ಯಾಪಾರಿಯನ್ನು ಕರೆಸಿ ತೋರಿಸಿದರು. ಅವನು ಕಾಂಡವನ್ನು ತಬ್ಬಿ ಅಳತೆ ನೋಡಿ, ಪ್ಲೈವುಡ್ಡಿಗೆ ಆಗುತ್ತದೆ ಎಂದ. ಮಳೆ ಹಿಡಿಯುವುದಕ್ಕೆ ಮೊದಲು ಕಡಿಸುವುದೆಂದು ಮಾತಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಮರದ ವಿಷಯ ಹೆಂಗಸರನ್ನು ಕೇಳುವ ರೂಢಿ ನಮ್ಮಲ್ಲಿಲ್ಲ.

ಆದರೆ ನಾನು ಹುಟ್ಟಿದ್ದು ಚಿಕ್ಕಮಗಳೂರು ಪೇಟೆಯಲ್ಲಿ, ಗ್ರಂಧಿಗೆ ಅಂಗಡಿಯ ಮನೆಯಲ್ಲಿ. ವಿಭೂತಿ, ಕರ್ಪೂರ, ಸಾಂಬ್ರಾಣಿ, ನಾರು ಬೇರುಗಳ ನಡುವೆ ಬೆಳೆದವಳು. ವ್ಯಾಪಾರ ಇಲ್ಲದ ಮಧ್ಯಾಹ್ನಗಳಲ್ಲಿ ಅಪ್ಪ ನನ್ನ ಕಣ್ಣು ಮುಚ್ಚಿಸಿ, ಮೂಗಿನ ಬಳಿ ಒಂದೊಂದೇ ಧೂಪದ ಹರಳು ಹಿಡಿದು ಯಾವುದೆಂದು ಹೇಳಿಸುತ್ತಿದ್ದರು. ನಾನು ತಪ್ಪುತ್ತಿದ್ದುದು ಕಡಿಮೆ. ಮದುವೆಯಾಗಿ ಜಾವಳಿ ಕಡೆಯ ಈ ತೋಟಕ್ಕೆ ಬಂದಮೇಲೆ ನನ್ನ ಮೂಗಿಗೆ ಕೆಲಸವಿರಲಿಲ್ಲ. ಸಾರಿಗೆ ಒಗ್ಗರಣೆ ಸೀದಿತೋ ಇಲ್ಲವೋ ಎಂದು ನೋಡುವುದಕ್ಕೆ ಅಂಥ ಮೂಗೇನೂ ಬೇಕಾಗಿಲ್ಲ.

ವ್ಯಾಪಾರಿ ಬಂದು ಹೋದ ಮರುದಿನ ಬೆಳಿಗ್ಗೆ ಗಾಯದಿಂದ ಒಂದು ಉಂಡೆ ಅಂಟು ಕಿತ್ತು, ಒಲೆಯಿಂದ ಕೆಂಡ ತೆಗೆದು ಅದರ ಮೇಲೆ ಹಾಕಿದೆ. ಮೊದಲು ತೊಗಟೆ ಸುಟ್ಟ ಕಮಟು ಹೊಗೆ ಬಂದು ಕಣ್ಣುರಿಯಿತು. ಅದರ ಹಿಂದೆ, ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ, ಸಿಹಿಯಾದ, ತಣ್ಣನೆಯ ಒಂದು ವಾಸನೆ ಬಂದು ಹೋಯಿತು. ಅಪ್ಪನ ಅಂಗಡಿಯಲ್ಲಿ ಅದನ್ನು ಮಡ್ಡಿಧೂಪ ಎಂದು ಮೂಲೆಯ ಡಬ್ಬದಲ್ಲಿ ಇಡುತ್ತಿದ್ದರು. ಈಚೆಗೆ ಎಲ್ಲಿಯೂ ಅದನ್ನು ಮೂಸಿದ ನೆನಪಿಲ್ಲ.

ಊಟಕ್ಕೆ ಬಡಿಸುವಾಗ ಮನೆಯವರಿಗೆ ಹೇಳಿದೆ. ಈ ಅಂಟನ್ನು ಶುದ್ಧ ಮಾಡಿದರೆ ಒಳ್ಳೆಯ ಧೂಪವಾಗುತ್ತದೆ, ಮರ ಕಡಿಸಬೇಡಿ ಎಂದೆ. ಅವರು ಅನ್ನ ಕಲಸುತ್ತಲೇ ಹೇಳಿದರು:

"ಮಳೆ ಹಿಡಿಯೋವರೆಗೂ ಟೈಮಿದೆಯಲ್ಲ ಮಾರಾಯ್ತಿ. ಅಷ್ಟರಲ್ಲಿ ಮಾಡಿ ತೋರ್ಸು. ಆಗ್ಲಿಲ್ಲ ಅಂದ್ರೆ ಮತ್ತೆ ಮಾತಾಡಬಾರ್ದು."

ನಾನು ಒಪ್ಪಿಕೊಂಡೆ.

ಮೊದಲು ಅಂಟನ್ನು ಇದ್ದ ಹಾಗೆಯೇ ಬಾಳೆಲೆಯಲ್ಲಿ ಕಟ್ಟಿಕೊಂಡು ಚಿಕ್ಕಮಗಳೂರಿಗೆ ಹೋದೆ. ಅಪ್ಪನ ಅಂಗಡಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಗಿರಾಕಿಗಳ ಎದುರಿಗೇ ಎಲೆ ಬಿಚ್ಚಿ ನೋಡಿ, ಹೊಟ್ಟೆ ನೋಯುವಷ್ಟು ನಕ್ಕ. "ಅಕ್ಕ, ಇದ್ರಲ್ಲಿ ಅರ್ಧ ಚಕ್ಕೆ, ಅರ್ಧ ಇರುವೆ. ಇದನ್ನ ದೇವ್ರ ಮುಂದೆ ಯಾರು ಹಾಕ್ತಾರೆ?" ಎಂದ. ನಿಜವೇ. ತೊಗಟೆಯ ಚೂರು, ಎಲೆಯ ಪುಡಿ, ಮಣ್ಣು, ಸಿಕ್ಕಿಬಿದ್ದ ಇರುವೆಗಳು ಎಲ್ಲವೂ ಅದರಲ್ಲಿದ್ದವು. ಅಂಗಡಿಯಲ್ಲಿ ಈಗ ಬಣ್ಣದ ಪೊಟ್ಟಣದ ಧೂಪದ ಕಡ್ಡಿಗಳೇ ಓಡುವುದು. ಉಂಡೆಯನ್ನು ಮತ್ತೆ ಕಟ್ಟಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ನಗುವೇ ಕಿವಿಯಲ್ಲಿತ್ತು.

ಕಾಯಿಸಿ ಸೋಸಿದರಾಯಿತು ಎಂದುಕೊಂಡೆ. ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಂಟು ಹಾಕಿ ಹಿತ್ತಿಲ ಒಲೆಯ ಮೇಲಿಟ್ಟೆ. ಕರಗಿತು, ಬುರುಗು ಬಂತು, ಉಕ್ಕಿ ಒಲೆಗೆ ಬಿತ್ತು, ಭಗ್ ಎಂದು ಹತ್ತಿಕೊಂಡಿತು. ಹೇಗೋ ಕೆಳಗಿಳಿಸಿ, ಉಳಿದದ್ದನ್ನು ಬಟ್ಟೆಗೆ ಸುರಿದರೆ ಬಟ್ಟೆಯೂ ಪಾತ್ರೆಯೂ ಒಂದೇ ಆದವು. ಸಿಹಿ ವಾಸನೆ ಸುಟ್ಟುಹೋಗಿ ಡಾಂಬರಿನ ನಾತ ಉಳಿಯಿತು. ತೆಂಗಿನೆಣ್ಣೆ ಹಚ್ಚಿ ಹಚ್ಚಿ ಬೆರಳುಗಳನ್ನು ಬಿಡಿಸಿಕೊಂಡೆ. ಅತ್ತೆ ಬಂದು ಪಾತ್ರೆಯನ್ನು ಕೋಲಿನಿಂದ ತಿರುವಿ ನೋಡಿದರು. ಅವರಿಗೆ ಎಂಬತ್ತು ಸಮೀಪ, ಮಾತು ಕಡಿಮೆ. ಕೋಲೂರಿಕೊಂಡು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ದಾರಿ ಸಿಕ್ಕಿದ್ದು ಫ್ರಿಜ್ಜಿನಲ್ಲಿ. ಅಂಟಿದ ಕೈಯಲ್ಲೇ ದೋಸೆ ಹಿಟ್ಟಿನ ಡಬ್ಬ ಮುಟ್ಟಿದ್ದೆ ಎಂದು ತೋರುತ್ತದೆ. ಮುಚ್ಚಳದ ಮೇಲೆ ಒಂದು ಹನಿ ಮೆತ್ತಿಕೊಂಡಿತ್ತು. ಬೆಳಿಗ್ಗೆ ಡಬ್ಬ ತೆಗೆದು, ಹಾಳಾದ್ದು ಹೋಗಲಿ ಎಂದು ಚಮಚದ ಹಿಡಿಯಿಂದ ಕುಟ್ಟಿದರೆ, ಹನಿ ಗಾಜಿನ ಹಾಗೆ ಚಟ್ಟೆಂದು ಒಡೆದು ಬಿತ್ತು. ಎತ್ತಿ ನೋಡಿದೆ. ಅಂಟು ಅಂಟಾಗಿರಲಿಲ್ಲ, ಹರಳಾಗಿತ್ತು. ಒಳಗೆ ಸಿಕ್ಕಿಕೊಂಡಿದ್ದ ತೊಗಟೆಯ ಚೂರು ಹಾಗೇ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಅಂಗೈಯ ಬಿಸಿಗೆ ಹರಳು ಮತ್ತೆ ಮೆತ್ತಗಾಗಿ ಬೆರಳಿಗೆ ಹತ್ತಿತು.

ಇಷ್ಟು ದಿನ ನಾನು ಬಿಸಿ ಮಾಡುತ್ತಿದ್ದೆ. ಅದಕ್ಕೆ ಬೇಕಾದದ್ದು ಥಂಡಿ.

ಟ್ರೇಯಲ್ಲಿದ್ದ ಐಸನ್ನೆಲ್ಲ ಒಂದು ಬೋಗುಣಿ ನೀರಿಗೆ ಸುರಿದು, ನೆಲ್ಲಿಕಾಯಿಯಷ್ಟು ಅಂಟು ಹಾಕಿ, ಗಟ್ಟಿಯಾದಮೇಲೆ ನೀರಿನೊಳಗೇ ಕುಟ್ಟಿ ಕದಡಿದೆ. ಟೀ ಸೋಸುವ ಜರಡಿಯಲ್ಲಿ ಕಸ ನಿಂತಿತು. ಕೆಳಗೆ ಇಳಿದ ನೀರನ್ನು ಬಟ್ಟೆಯಲ್ಲಿ ಸೋಸಿದಾಗ ರವೆಯ ಹಾಗೆ ಬಿಳುಪಾದ ಕಾಳು ಉಳಿಯಿತು. ಚಿಟಿಕೆಯಷ್ಟೇ. ಕೆಂಡಕ್ಕೆ ಹಾಕಿದೆ. ಕಮಟಿಲ್ಲ, ಚಟಪಟ ಇಲ್ಲ, ತೆಳ್ಳನೆಯ ಬಿಳಿ ಹೊಗೆ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಇದ್ದದ್ದು ಒಳ್ಳೆಯದಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಚಿಟಿಕೆಯನ್ನು ತೋರಿಸಿದರೆ ಮರ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಮರದಿಂದ ಕಿತ್ತಿಟ್ಟ ಅಂಟು ಆಗಲೇ ಒಂದು ಬಕೆಟ್ ತುಂಬಿತ್ತು. ಅದಕ್ಕೆ ತಕ್ಕ ಚೀಲಗಳನ್ನು ಹೊಲಿದೆ. ಒಳಗಿನದು ಸೊಳ್ಳೆ ಪರದೆಯದು, ಕಸ ಅದರಲ್ಲಿ ನಿಲ್ಲಬೇಕು. ಹೊರಗಿನದು ನನ್ನ ಹಳೆಯ ನೈಲಾನ್ ಸೀರೆಯದು, ಕಾಳು ಅದರಲ್ಲಿ ನಿಲ್ಲಬೇಕು, ಮಣ್ಣು ನೀರಿನೊಂದಿಗೆ ಹೊರಗೆ ಹೋಗಬೇಕು. ಕಾಫಿ ಹಣ್ಣು ತೊಳೆಯುವ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಸರಿಯಾಗಿ ಕೂರುವಂತೆ ಅಳತೆ ಹಿಡಿದು ಎರಡಕ್ಕೂ ದಾರ ಪೋಣಿಸಿದೆ. ಐಸು ಮಾತ್ರ ಎಲ್ಲಿಂದ ತರುವುದು? ನಮ್ಮ ಫ್ರಿಜ್ಜಿನ ಟ್ರೇಯಿಂದ ಡ್ರಮ್ಮು ತಣ್ಣಗಾಗುವುದಿಲ್ಲ, ಕರೆಂಟಿನ ಕತೆಯಂತೂ ಕೇಳುವುದೇ ಬೇಡ. ಮೂಡಿಗೆರೆಯಲ್ಲಿ ವಿಚಾರಿಸಿದರೆ, ಅಷ್ಟು ದೊಡ್ಡ ಐಸ್ ಗಡ್ಡೆ ಬೇಕಾದರೆ ಮೀನಿನವರನ್ನೇ ಕೇಳಬೇಕು ಅಂದರು.

ಮಂಗಳೂರು ಕಡೆಯಿಂದ ಚಾರ್ಮಾಡಿ ಹತ್ತಿ ಬರುವ ಮೀನಿನ ಪಿಕಪ್ ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತದೆ, ಲೈನ್ ಮನೆಗಳಲ್ಲಿರುವ ತೋಟದ ಆಳುಗಳು ಬಂದು ಕೊಳ್ಳುತ್ತಾರೆ. ಆದರೆ ನಮ್ಮದು ದಿನವೂ ಲಿಂಗಪೂಜೆ ನಡೆಯುವ ಮನೆ. ಮೀನಿನ ಗಾಡಿ ಹಾರ್ನ್ ಹಾಕಿದರೆ ಅತ್ತೆ ಎದ್ದು ಆ ಕಡೆಯ ಕಿಟಕಿ ಮುಚ್ಚುವವರು. ದೇವರ ಧೂಪಕ್ಕೆ ಮೀನಿನ ಐಸು ಎಂದು ಅವರ ಮುಂದೆ ಬಾಯಿ ಬಿಡುವುದು ಹೇಗೆ? ಕದ್ದು ತರಿಸುವುದಕ್ಕೂ ಮನಸ್ಸು ಬರಲಿಲ್ಲ. ಸಾರಿನ ಸೊಪ್ಪು ಸೋಸುತ್ತಾ ಕೂತಿದ್ದ ಅವರ ಎದುರು ಹೋಗಿ ಕೂತು, ಸೊಪ್ಪಿಗೆ ಕೈ ಹಾಕಿ, ಎಲ್ಲವನ್ನೂ ಹೇಳಿದೆ. ಹೊಸ ಧೂಪದ ಎರಡು ಕಾಳು ಉಳಿಸಿಕೊಂಡಿದ್ದೆ, ಅದನ್ನೂ ಅವರ ಅಂಗೈಗೆ ಇಟ್ಟೆ.

ಅವರು ಮೂಸಿ ನೋಡಿದರು. ಮತ್ತೊಮ್ಮೆ ಮೂಸಿದರು.

"ಐಸು ಅಂದ್ರೆ ನೀರೇ ತಾನೇ ಕಣೇ. ಮೀನು ಮುಟ್ಟದೆ ಇರೋ ನೀರು ತರ್ಸು. ನಾನೇ ಹೇಳ್ತೀನಿ ಅವ್ನಿಗೆ."

ಮಾರನೆಯ ದಿನ ಹಾರ್ನ್ ಕೇಳಿದಾಗ ಅತ್ತೆ ಕಿಟಕಿ ಮುಚ್ಚಲಿಲ್ಲ. ಕೋಲು ಹಿಡಿದು ಗೇಟಿನವರೆಗೆ ನಡೆದರು. ಲೈನಿನ ಹೆಂಗಸರು ಮೀನಿನ ತಟ್ಟೆ ಹಿಂದೆ ಮುಚ್ಚಿಟ್ಟುಕೊಂಡು ದಾರಿ ಬಿಟ್ಟರು. ಐಸಿನ ಗಡ್ಡೆಯನ್ನು ಫ್ಯಾಕ್ಟರಿಯಿಂದ ಇಡಿಯಾಗಿ ತೆಗೆದುಕೊಳ್ಳಬೇಕು, ಹೊಸ ಗೋಣಿಯಲ್ಲಿ ಸುತ್ತಬೇಕು, ಹಿಂದೆ ಮೀನಿನ ಜೊತೆ ಹಾಕಕೂಡದು ಎಂದು ಅತ್ತೆ ಗಾಡಿಯವರಿಗೆ ಕಟ್ಟಳೆ ವಿಧಿಸಿದರು. ಅವರು ನಡುವಯಸ್ಸಿನ ಸಮಾಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡು, ಮುಖದಲ್ಲಿ ನಗು ತೋರಿಸದೆ ಹೇಳಿದರು:

"ಆಯ್ತು ಅಮ್ಮ. ಮುಂದೆ ನನ್ನ ಪಕ್ಕದ ಸೀಟಲ್ಲೇ ಕೂರಿಸ್ಕೊಂಡು ತರ್ತೇನೆ. ಬೆಲ್ಟೂ ಹಾಕ್ತೇನೆ."

ಹಾಗೆಯೇ ತಂದರು. ಬೆಳಿಗ್ಗೆ ಬೆಳಿಗ್ಗೆಯೇ ಗೇಟು ದಾಟಿ ಒಳಗೆ ಬಂದ ಗಾಡಿಯ ಮುಂದಿನ ಸೀಟಿನಲ್ಲಿ ಗೋಣಿ ಹೊದ್ದ ಐಸಿನ ಗಡ್ಡೆ, ಬೆಲ್ಟ್ ಬಿಗಿದುಕೊಂಡು, ಊರಿಗೆ ಬಂದ ನೆಂಟರ ಹಾಗೆ ಕೂತಿತ್ತು. ಅತ್ತೆ ಗೋಣಿ ಸರಿಸಿ ಮೂಸಿ ನೋಡಿ, ಇಳಿಸಿ ಎಂದರು. ಗಾಡಿಯವರನ್ನು ಜಗಲಿಯಲ್ಲಿ ಕೂರಿಸಿ ಕಾಫಿಯನ್ನೂ ಕೊಡಿಸಿದರು. ಈ ಮನೆಯಲ್ಲಿ ಅಂಥದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಿಸಿಲು ಏರುವುದರೊಳಗೆ ಕೆಲಸ ಮುಗಿಯಬೇಕಿತ್ತು. ಐಸನ್ನು ಕೊಡಲಿಯ ಹಿಂಬದಿಯಿಂದ ಒಡೆದು ಡ್ರಮ್ಮಿಗೆ ತುಂಬಿ, ಚೀಲದೊಳಗೆ ಚೀಲ ಕೂರಿಸಿ, ನೀರು ಹಾಕಿ, ಅಂಟಿನ ಬಕೆಟ್ ಸುರಿದೆ. ಅಂಟು ಬಿಗಿದುಕೊಳ್ಳುವವರೆಗೆ ಕಾದು, ಮರದ ಕೋಲಿನಿಂದ ಕುಟ್ಟುತ್ತಾ ತಿರುವತೊಡಗಿದೆ. ಮೊದಲು ದೊಡ್ಡ ಹೆಂಟೆಗಳು ಡ್ರಮ್ಮಿಗೆ ಬಡಿಯುವ ಸದ್ದು, ಆಮೇಲೆ ಬೆಣಚುಕಲ್ಲಿನಂಥ ಸದ್ದು, ಕೊನೆಗೆ ಮರಳಿನ ಸರಸರ. ತೋಳು ಸೋತಿತು. ಮೊಣಕೈವರೆಗೆ ಕೈ ಮರಗಟ್ಟಿತು. ನಮ್ಮ ಮನೆಯವರು ಕಾಫಿ ಲೋಟ ಹಿಡಿದು ದೂರದಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು ನೋಡಿದರು. ಆಮೇಲೆ ಲೋಟವನ್ನು ಕಟ್ಟೆಯ ಮೇಲಿಟ್ಟು ನನ್ನ ಕೈಯಿಂದ ಕೋಲು ತೆಗೆದುಕೊಂಡರು.

ಒಳಗಿನ ಚೀಲ ಎತ್ತಿದಾಗ ಅದರಲ್ಲಿ ತೊಗಟೆ, ಎಲೆ, ಇರುವೆ ಎಲ್ಲವೂ ಉಳಿದಿದ್ದವು. ಹೊರಗಿನದನ್ನು ಇಬ್ಬರೂ ಸೇರಿ ಎತ್ತಿದೆವು. ಕೆಂಪು ನೀರು ನೈಲಾನಿನಿಂದ ಧಾರೆಯಾಗಿ ಇಳಿದು ಹೋಯಿತು. ಐಸ್ ನೀರು ಮತ್ತೆ ಮತ್ತೆ ಹೊಯ್ದೆವು, ಇಳಿಯುವ ನೀರು ತಿಳಿಯಾಗುವವರೆಗೆ. ಚೀಲ ಬಿಡಿಸಿದರೆ ತಳದಲ್ಲಿ ಕೆನೆಬಣ್ಣದ ಕಾಳಿನ ಗುಡ್ಡೆ.

ಅದು ಬೆಚ್ಚಗಾಗಿ ಮೆತ್ತಿಕೊಳ್ಳುತ್ತಿದ್ದಂತೆ ಒಳಗೆ ನೀರು ಉಳಿಯುತ್ತಿತ್ತು. ನಾನು ಅದನ್ನು ಯೋಚಿಸಿರಲಿಲ್ಲ. ಅತ್ತೆ ಮಣೆ ತರಿಸಿ ಕೂತು, ಕೈಯನ್ನು ಐಸ್ ನೀರಿನಲ್ಲಿ ಅದ್ದಿ ಅದ್ದಿ, ಮಜ್ಜಿಗೆಯಿಂದ ತೆಗೆದ ಬೆಣ್ಣೆಯನ್ನು ಮಿದಿಯುವ ಹಾಗೆ ಮಿದಿದರು. ಒತ್ತಿದಷ್ಟೂ ನೀರಿನ ಹನಿ ಹೊರಗೆ ಬಂತು. ಕೈಗೆ ಒಂದಿಷ್ಟೂ ಅಂಟಲಿಲ್ಲ. ಕೊನೆಗೆ ದೊಡ್ಡ ತೆಂಗಿನಕಾಯಿಯಷ್ಟು ಗಾತ್ರದ ಮುದ್ದೆಯನ್ನು ಬಾಳೆಲೆಯ ಮೇಲಿಟ್ಟು, ತಟ್ಟಿ, ನನ್ನ ಕಡೆ ನೋಡಿದರು. "ಗೆದ್ದೆ ಕಣೇ" ಎಂದರು. ನನ್ನ ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರಿಂದ ನನಗೆ ಸಿಕ್ಕ ಹೊಗಳಿಕೆಗಳಲ್ಲಿ ಅದೇ ದೊಡ್ಡದು, ಬಹುಶಃ ಅದೊಂದೇ.

ಆ ದಿನದ ಪೂಜೆಗೆ ಹೊಸ ಧೂಪವನ್ನೇ ಹಾಕಿದೆವು. ಹೊಗೆ ದೇವರ ಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಕಣಕ್ಕೆ ಬಂತು. ಮನೆಯವರು ಬಾಗಿಲಲ್ಲಿ ನಿಂತು ಒಂದು ದೀರ್ಘ ಉಸಿರು ಎಳೆದುಕೊಂಡರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಅಂಗಳಕ್ಕೆ ಹೋದರು. ಅವರ ಮಾತು ಒಳಗೆ ಕೇಳಿಸಿತು.

"ಆ ಹಾಲ್ಮಡ್ಡಿ ಇಲ್ಲ ಮಾರಾಯ. ಬೇಕಾದ್ರೆ ಕೆಳಗಿನ ಪಟ್ಟೆ ತೋಟದ ಸಿಲ್ವರ್ ಓಕ್ ಮರ ನೋಡ್ಕೊಂಡು ಹೋಗು. ಇದು ನಮ್ಮ ಮನೆಯವಳ ಮರ."

ಅದೇ ವಾರ ಮರದ ಬುಡಕ್ಕೂ ಕಣಕ್ಕೂ ನಡುವೆ ಒಂದು ಸಣ್ಣ ಕಟ್ಟೆ ಕಟ್ಟಿಸಿ, ಅಂಟು ಬೀಳುವ ಕಡೆ ತಗಡು ಸಿಕ್ಕಿಸಿದರು. ನಾನು ಕೇಳಿರಲಿಲ್ಲ.

ಚಿಕ್ಕಮಗಳೂರಿಗೆ ಮತ್ತೆ ಹೋದೆ. ಈ ಸಲ ಧೂಪವನ್ನು ಹಿತ್ತಾಳೆ ಡಬ್ಬದಲ್ಲಿ ಒಯ್ದಿದ್ದೆ. ಅಂಗಡಿಯಲ್ಲಿ ನಾಲ್ಕಾರು ಜನರಿದ್ದರು. ಹೇಳದೆ ಕೇಳದೆ ಗಲ್ಲಾದ ಪಕ್ಕದ ಧೂಪದಾರತಿಯ ಕೆಂಡಕ್ಕೆ ಒಂದು ಚೂರು ಹಾಕಿ, ಪಕ್ಕಕ್ಕೆ ಸರಿದು ನಿಂತೆ. ಚೌಕಾಸಿ ಮಾಡುತ್ತಿದ್ದ ಒಬ್ಬ ಹೆಂಗಸು ಮಾತು ನಿಲ್ಲಿಸಿ, ಇದು ಯಾವ ಧೂಪ, ನನಗೂ ಇದೇ ಕೊಡಿ ಎಂದಳು. ತಮ್ಮ ತಲೆ ಎತ್ತಿದ. ಅವನ ಕೈಯಲ್ಲಿದ್ದ ಪೊಟ್ಟಣ ಹಾಗೇ ನಿಂತಿತು.

"ಅಕ್ಕ, ಇದು ಅಪ್ಪನ ಮೂಲೆ ಡಬ್ಬದ್ದು" ಎಂದ ಮೆಲ್ಲಗೆ. "ಎಲ್ಲಿಂದ ತರಿಸ್ದೆ?"

ನಮ್ಮ ಕಣದ ಪಕ್ಕದಿಂದ ಎಂದೆ. ಅವತ್ತು ನೀನು ನಕ್ಕೆಯಲ್ಲ, ಅದೇ, ಎಂದೂ ಹೇಳಿದೆ. ಅವನು ನಂಬಲಿಲ್ಲ. ಡಬ್ಬ ತೆಗೆದು ಬೆಳಕಿಗೆ ಹಿಡಿದು, ಒಂದು ಚಕ್ಕೆಯಾದರೂ, ಒಂದು ಇರುವೆಯ ಕಾಲಾದರೂ ಸಿಗುತ್ತದೆಯೋ ಎಂದು ಹುಡುಕಿದ. ಸಿಗಲಿಲ್ಲ. ಹೇಗೆ ಮಾಡಿದೆ ಎಂದು ಕೇಳಿದ. ಗಿರಾಕಿಗಳೂ ಕಿವಿ ನಿಮಿರಿಸಿದ್ದರು. ಐಸು, ಸೊಳ್ಳೆ ಪರದೆ, ಸೀರೆ ಎಂದಷ್ಟೇ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ, ಅದೂ ನನಗೆ ಖುಷಿಯೇ ಆಯಿತು.

ಇರುವಷ್ಟೂ ತನಗೇ ಬೇಕು, ದೀಪಾವಳಿಗೆ ಇನ್ನಷ್ಟು ಬೇಕು ಎಂದ ತಮ್ಮ. ಮರ ಕೊಟ್ಟಷ್ಟೇ, ಮನೆಯ ಪೂಜೆಗೆ ಇಟ್ಟುಕೊಂಡು ಉಳಿದದ್ದು ನಿನಗೆ ಎಂದೆ. ಅವನು ಕುರ್ಚಿ ಬಿಟ್ಟೆದ್ದು, ಅಪ್ಪ ಕೂರುತ್ತಿದ್ದ ಗಲ್ಲಾದ ಗಾದಿಯ ಮೇಲೆ ನನ್ನನ್ನು ಕೂರಿಸಿ ಕಾಫಿ ತರಿಸಿದ. ಮದುವೆಗೆ ಮುಂಚೆಯೂ ನಾನು ಅಲ್ಲಿ ಕೂತವಳಲ್ಲ. ಅವತ್ತು ಕೂತೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಫಿ ಆರುವವರೆಗೂ.