ಡೋಕಿಯಾ ತುಂಬಿಕೊಟ್ಟ ಹತ್ತೊಂಬತ್ತು ಫಾರಂಗಳು

ಮೂವತ್ತೊಂದು ವರ್ಷ ಅಂಚೆ ಕಚೇರಿ ನಡೆಸಿದ ಡೋಕಿಯಾ ಹ್ರಿನ್ಚುಕ್ ಯಾರ ಪೋಸ್ಟ್‌ಕಾರ್ಡನ್ನೂ ಓದಿದವಳಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಓದುತ್ತಿದ್ದಳು. ತೆರೆದೇ ಬರುವ ಕಾಗದವನ್ನು ಕಣ್ಣಿದ್ದವರು ಓದದೆ ಇರುತ್ತಾರೆಯೇ? ಆದರೆ ಓದಿದ್ದೆಲ್ಲ ಅವಳ ಹೊಟ್ಟೆಯಲ್ಲೇ ಕರಗಿಹೋಗುತ್ತಿತ್ತು. ಯಾರ ಮಗಳು ರೆಜೈನಾದಲ್ಲಿ ಗಂಡನನ್ನು ಬಿಟ್ಟಳು, ಯಾರಿಗೆ ವಿನ್ನಿಪೆಗ್‌ನ ವಿಧವೆ ಸೆಂಟು ಹಚ್ಚಿದ ಕಾಗದ ಬರೆಯುತ್ತಾಳೆ, ಎಲ್ಲ ಗೊತ್ತಿತ್ತು. ಅವಳ ಗಂಡ ಪೆತ್ರೊ ಸಾಯುವ ದಿನದವರೆಗೂ ಇದರಲ್ಲಿ ಒಂದನ್ನೂ ಅವಳ ಬಾಯಿಂದ ಹೊರಡಿಸಲಾಗಲಿಲ್ಲ.

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ನಮ್ಮ ವೆರ್ಬಾದಲ್ಲಿ ಇರುವುದೆಂದರೆ ರೈಲು ಹಳಿಯ ಪಕ್ಕದ ಎತ್ತರದ ಧಾನ್ಯದ ಕಣಜ, ಗುಮ್ಮಟದ ಚರ್ಚು, ಡೋಕಿಯಾಳ ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಚೆ ಕಚೇರಿ, ಸುತ್ತ ಗೋದಿ ಹೊಲಗಳ ನಡುವೆ ಚದುರಿಬಿದ್ದ ಮನೆಗಳು. ಮನೆಗಳಿಗೆ ನಂಬರಿಲ್ಲ, ರಸ್ತೆಗಳಿಗೆ ಹೆಸರಿಲ್ಲ. ಕಾಗದ ಬೇಕಾದವರು ಡೋಕಿಯಾಳ ಗೋಡೆಯ ಮೇಲಿನ ಪೆಟ್ಟಿಗೆಗೆ ಬರಬೇಕು. ಮನೆಗೇ ಹೋಗಬೇಕಾದವರು "ಕಣಜ ದಾಟಿ ಎರಡನೆಯ ತಿರುವು, ಅಲ್ಲಿ ಸತ್ತ ಟ್ರಾಕ್ಟರು ಕಾಣುತ್ತೆ" ಎಂದು ಕೇಳಿಕೊಂಡು ಹೋಗಬೇಕು. ನಮ್ಮ ಹಿರಿಯರು ಹಳೇ ದೇಶ ಬಿಟ್ಟು ಇಲ್ಲಿಗೆ ಬಂದಾಗಿನಿಂದ ನಾಲ್ಕು ತಲೆಮಾರು ಹಾಗೇ ನಡೆದಿದೆ.

ಹೀಗಿರುವಾಗ ಹೊಸ ಕಾನೂನು ಬಂತು. ದೇಶದಲ್ಲಿರುವ ಬಂದೂಕುಗಳೆಲ್ಲ ನೋಂದಣಿಯಾಗಬೇಕು, ಹೊಲದ ಕಾಗೆ ಓಡಿಸುವುದರಿಂದ ಹಿಡಿದು ಹೆಬ್ಬಾತು ಹೊಡೆಯುವುದರವರೆಗೆ. ಎರಡು ಸಾವಿರದ ಎರಡನೇ ಇಸವಿ ಮುಗಿಯುವುದರೊಳಗೆ ಆಗದಿದ್ದರೆ ಜೈಲು ಎಂದರು. ಊರೂರಿನಲ್ಲಿ ಜನರಿಗೆ ಫಾರಂ ತುಂಬಿಕೊಡಲು ನಂಬಿಕಸ್ಥರು ಬೇಕೆಂದು ನೋಂದಣಿ ಕಚೇರಿಯವರು ಹುಡುಕಿದರು. ನಮ್ಮಲ್ಲಿ ನಂಬಿಕಸ್ಥರೆಂದರೆ ಇನ್ಯಾರು? ಡೋಕಿಯಾಳನ್ನು ಒಂದು ದಿನ ಪಟ್ಟಣಕ್ಕೆ ಕರೆಸಿ, ಕಾಫಿ ಕೊಟ್ಟು, ಪಾಠ ಹೇಳಿ, ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬಿಲ್ಲೆ ಕೊಟ್ಟು ಕಳಿಸಿದರು. ಬಿಲ್ಲೆ ಸಿಕ್ಕಿಸಿಕೊಂಡು ಅವಳು ಚರ್ಚಿಗೂ ಹೋದಳು. ಸ್ವಲ್ಪ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಲಿ.

ಚರ್ಚಿನ ಕೆಳಗಿನ ಹಾಲಿನಲ್ಲಿ ಸಭೆ ಸೇರಿತು. ಹೆಂಗಸರು ಪಿರೋಹಿ ಬೇಯಿಸಿದ್ದರು, ಆಲೂಗೆಡ್ಡೆ ತುಂಬಿದ ಆ ಕಡುಬು ತಿನ್ನುವವರೆಗೆ ಗಂಡಸರು ಸುಮ್ಮನಿದ್ದರು. ತಿಂದಾದ ಮೇಲೆ ಶುರುವಾಯಿತು.

"ಇವತ್ತು ಪಟ್ಟಿ ಮಾಡ್ತಾರೆ, ನಾಳೆ ಬಂದು ಎತ್ಕೊಂಡು ಹೋಗ್ತಾರೆ" ಎಂದ ಹ್ಯಾರಿ ಸಾವ್ಚಿನ್. ಕಣಜ ನೋಡಿಕೊಳ್ಳುವವನು, ಎಲ್ಲದಕ್ಕೂ ಮೊದಲು ಬಾಯಿ ಹಾಕುವವನು.

"ನಿನ್ನ ಬಂದೂಕು ಎತ್ಕೊಂಡು ಹೋಗಿ ಅವರೇನು ಮಾಡ್ತಾರೋ? ನೀನೇ ಅದರಲ್ಲಿ ಇಪ್ಪತ್ತು ವರ್ಷದಿಂದ ಒಂದು ಬಾತು ಹೊಡೆದಿಲ್ಲ" ಎಂದಳು ಡೋಕಿಯಾ. ಸೇರಿದವರೆಲ್ಲ ನಕ್ಕರು.

ಒನುಫ್ರಿ ಪಂಚಿಶಿನ್ ಮಾತ್ರ ನಗಲಿಲ್ಲ. ಎಪ್ಪತ್ತೊಂದರ ಒಂಟಿ ಗಂಡಸು. ಡೋಕಿಯಾಳ ಮಗಳು ಲೆಸ್ಯಾಳ ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿಕೊಂಡು ನಿಂತವನು ಅವನೇ. ಹಾಗೆ ನಿಂತವರಿಗೂ ಹೆತ್ತವರಿಗೂ ನಮ್ಮಲ್ಲಿ ಒಡಹುಟ್ಟಿದವರಿಗಿಂತ ಹೆಚ್ಚಿನ ನಂಟು. ಅವನು ಅವಳನ್ನು ಕೂಮಾ ಎನ್ನುತ್ತಿದ್ದ, ಅವಳು ಅವನನ್ನು ಕೂಮ್ ಎನ್ನುತ್ತಿದ್ದಳು.

"ನಮ್ಮವ್ವ ಹಳೇ ದೇಶದಲ್ಲಿ ಪಟ್ಟಿ ನೋಡಿದ್ಲು ಕೂಮಾ" ಎಂದ ಒನುಫ್ರಿ ಮೆಲ್ಲಗೆ. "ಯಾರ ಮನೇಲಿ ಎಷ್ಟು ಹಸು, ಎಷ್ಟು ಮೂಟೆ ಗೋದಿ ಅಂತ ಒಬ್ಬ ಮೇಷ್ಟ್ರು ಬರ್ಕೊಂಡು ಹೋದ. ಒಳ್ಳೇ ಮನುಷ್ಯನೇ ಅವನು. ಆಮೇಲೆ ಬಂದವರು ಒಳ್ಳೆಯವರಾಗಿರಲಿಲ್ಲ."

"ಇದು ಕೆನಡಾ ಕೂಮ್. ಮೂವತ್ತು ವರ್ಷದಿಂದ ನಿನ್ನ ಕಾಗದ ನನ್ನ ಕೈ ಮೇಲೇ ಬರ್ತಿದೆ. ಒಂದಾದರೂ ಮಾತು ಆಚೆ ಹೋಗಿದೆಯಾ?"

"ನಿನ್ನ ಮಾತಲ್ಲ ನಾನು ಆಡ್ತಿರೋದು."

"ನನ್ನ ಮಾತೇ ಅಂದ್ಕೋ. ನಿನ್ನ ಮನೇಲಿ ಏನಿದೆ, ಎಲ್ಲಿದೆ ಅನ್ನೋದು ನನಗೂ ಆ ಕಚೇರಿಗೂ ಬಿಟ್ರೆ ಇನ್ನೊಂದು ನರಪಿಳ್ಳೆಗೆ ಗೊತ್ತಾಗಲ್ಲ. ನಾನು ಹೊಣೆ."

ಇಡೀ ಸಭೆ ಕೇಳುವಂತೆ ಹೇಳಿದಳು. ಒನುಫ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ "ನೀನು ಹೊಣೆ ಅಂದ್ರೆ ಸರಿ" ಎಂದು ಎದ್ದ. ಅವನು ಒಪ್ಪಿದ್ದೇ ತಡ, ಉಳಿದವರೂ ಸಾಲು ನಿಂತರು. ಹತ್ತೊಂಬತ್ತು ಜನ. ಅವರೆಲ್ಲ ಸರ್ಕಾರವನ್ನು ನಂಬಿ ಬರೆಸಿದರು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅವರು ನಂಬಿದ್ದು ಡೋಕಿಯಾಳನ್ನು.

ಮೂರು ವಾರ ಕೂತು ಅವಳು ಹತ್ತೊಂಬತ್ತು ಫಾರಂ ತುಂಬಿದಳು, ಪ್ರತಿಯೊಂದರ ಕೆಳಗೂ ಸಾಕ್ಷಿಯೆಂದು ರುಜು ಹಾಕಿದಳು. ಒಂದೂವರೆ ತಿಂಗಳಿಗೆ ಹತ್ತೊಂಬತ್ತೂ ವಾಪಸು ಬಂದವು. "ಬಂದೂಕು ಇಡುವ ಸ್ಥಳದ ವಿಳಾಸ ಅಪೂರ್ಣ." ಅಂಚೆ ಪೆಟ್ಟಿಗೆಯ ನಂಬರು ಸಾಲದಂತೆ. ಬೀದಿಯ ಹೆಸರು, ಮನೆಯ ನಂಬರು ಬೇಕಂತೆ. ಇಲ್ಲದ ಬೀದಿಯನ್ನು ಎಲ್ಲಿಂದ ತರುವುದು? ಡೋಕಿಯಾಳಿಗೆ ಮೈಯೆಲ್ಲ ಉರಿಯಿತು. ಜೀವಮಾನದಲ್ಲಿ ಅವಳು ಬರೆದ ಒಂದು ಕಾಗದವೂ ಅಪೂರ್ಣವೆಂದು ಹಿಂದೆ ಬಂದದ್ದಿಲ್ಲ. ಪೂರ್ಣ ವಿಳಾಸ ಬೇಕೇ, ತಗೊಳ್ಳಿ ಎಂದು ಕೂತು, ಬಂದೂಕು ಎಲ್ಲಿದೆಯೆಂದು ಅವರವರು ಹೇಳಿದ್ದನ್ನೂ ಸೇರಿಸಿ ಮತ್ತೆ ಬರೆದಳು, ನಮ್ಮ ಕಡೆ ದಾರಿ ಹೇಳುವ ಹಾಗೇ, ಒಂದು ಕಲ್ಲೂ ಬಿಡದೆ. ಒನುಫ್ರಿಯದಕ್ಕೆ ಹೀಗೆ ಬರೆದಳು: "ಕಣಜದಿಂದ ಪೂರ್ವಕ್ಕೆ ಮೂರು ಮೈಲಿ, ನೀಲಿ ಗೇಟು, ಮನೆಯ ಹಿಂದಿನ ಬೇಸಿಗೆ ಅಡುಗೆಮನೆ, ಒಳಬಾಗಿಲ ಮೇಲಿನ ತೊಲೆ." ವಿಧವೆ ತೆಕ್ಲಾಳದಕ್ಕೆ ನೆಲಮಾಳಿಗೆಯ ಬೀಟ್‌ರೂಟ್ ಡಬ್ಬಿಗಳ ಹಿಂದೆ ಎಂದು. ಈ ಸಲ ಒಂದೂ ವಾಪಸು ಬರಲಿಲ್ಲ. ಗೆದ್ದೆನೆಂದುಕೊಂಡಳು ಪಾಪ.

ಆಮೇಲೆ ಬಂದ ಪತ್ರಗಳ ಚಂದ ನೋಡಬೇಕಿತ್ತು. ಹ್ಯಾರಿಯ ಒಂದು ಬಂದೂಕಿಗೆ ಮೂರು ಪ್ರಮಾಣಪತ್ರ. ತೆಕ್ಲಾಳ ಪರವಾನಗಿಯ ಮೇಲೆ ಗಡ್ಡದ ಗಂಡಸಿನ ಫೋಟೋ. ಒನುಫ್ರಿಯನ್ನು ಹೆಣ್ಣೆಂದು ಬರೆದಿದ್ದರು.

"ನೋಡು ಕೂಮಾ, ಮದುವೆ ಆಗಲಿಲ್ಲ ಅಂತ ಬೈತಿದ್ದೆಯಲ್ಲ. ಈಗ ತೆಕ್ಲಾ ಗಂಡಸು, ನಾನು ಹೆಂಗಸು. ಪಾದ್ರಿಗಳನ್ನ ಕರಿ" ಎಂದ ಅವನು. ಅವನೂ ನಕ್ಕ, ಅವಳೂ ನಕ್ಕಳು.

ಅವನ ಅಪ್ಪನ ಕಾಲದ ಜೋಡುನಳಿಗೆ ಬಂದೂಕಿಗೆ ನಂಬರೇ ಇರಲಿಲ್ಲ. ಅದಕ್ಕೆ ಅಂಟಿಸಲೆಂದು ನಂಬರಿನ ಚೀಟಿ ಕಳಿಸಿದ್ದರು. ವರ್ಷಗಟ್ಟಲೆ ಎಣ್ಣೆ ಕುಡಿದ ಉಕ್ಕಿಗೆ ಚೀಟಿ ನಿಲ್ಲುತ್ತದೆಯೇ? ವಾರಕ್ಕೇ ಉದುರಿತು.

ಇವೆಲ್ಲ ನಗುವ ವಿಷಯ. ನಗಲಾಗದಿದ್ದದ್ದು ಒಂದೇ ಒಂದು. ವೆರ್ಬಾಕ್ಕೆ ಬಂದ ಲಕೋಟೆಯೊಂದರಲ್ಲಿ ಪೂರ್ವ ಕರಾವಳಿಯ ಯಾರೋ ಮೀನುಗಾರನ ಪತ್ರಗಳಿದ್ದವು. ಹೆಸರು, ಹುಟ್ಟಿದ ದಿನ, ಮನೆ, ಆರು ಬಂದೂಕು. ಡೋಕಿಯಾ ಕಚೇರಿಗೆ ಫೋನು ಮಾಡಿದಳು. ಫೋನನ್ನು ಭುಜಕ್ಕೆ ಒತ್ತಿಕೊಂಡು ಆ ದಿನದ ಟಪಾಲನ್ನೆಲ್ಲ ವಿಂಗಡಿಸಿ ಮುಗಿಸಿದ ಮೇಲೆ ಒಬ್ಬಳು ಮಾತಾಡಿದಳು.

"ಅದನ್ನ ನಮಗೆ ವಾಪಸ್ ಕಳಿಸ್ಬಿಡಿ, ಮೇಡಂ."

"ಕಳಿಸ್ತೀನಮ್ಮ. ಆದರೆ ಅವರದು ಇಲ್ಲಿಗೆ ಬಂದ್ರೆ, ನಮ್ಮದು ಎಲ್ಲಿಗೆ ಹೋಗಿರುತ್ತೆ?"

"ಹಾಗೆಲ್ಲ ಆಗಲ್ಲ ಮೇಡಂ. ಇದೊಂದು ಸಣ್ಣ ತಪ್ಪು."

ತಪ್ಪು ಯಾರಿಗೆ ತಪ್ಪಿದ್ದು ಎಂದುಕೊಂಡು ಅವಳು ತನ್ನ ಕೈಯಿಂದಲೇ ಅಂಚೆಚೀಟಿ ಹಚ್ಚಿ ಕಳಿಸಿದಳು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗ ಎಲ್ಲರೂ ಅನ್ನುತ್ತಾರೆ.

ಮರುವರ್ಷ ಅಕ್ಟೋಬರಿನಲ್ಲಿ, ದೇವಮಾತೆಯ ಹಬ್ಬದ ಬೆಳಗ್ಗೆ ಎಲ್ಲರೂ ಚರ್ಚಿನಲ್ಲಿದ್ದಾಗ, ಒನುಫ್ರಿಯ ಜೋಡುನಳಿಗೆ ಹೋಯಿತು. ಅದೊಂದೇ ಹೋಯಿತು. ಮನೆಯ ಬೀಗ ಮುಟ್ಟಿರಲಿಲ್ಲ. ಮೇಜಿನ ಮೇಲಿನ ರೇಡಿಯೋ ಇದ್ದಲ್ಲೇ ಇತ್ತು. ಯಾರೋ ನೇರ ಹಿಂದಿನ ಬೇಸಿಗೆ ಅಡುಗೆಮನೆಗೆ ಹೋಗಿ, ಸ್ಟೂಲು ಹಾಕಿಕೊಂಡು, ತೊಲೆಯ ಮೇಲೆ ಕೈಯಿಟ್ಟು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಕೊಂಡು ಹೋಗಿದ್ದರು. ಸ್ಟೂಲು ಅಲ್ಲೇ ನಿಂತಿತ್ತು.

ಪಟ್ಟಣದಿಂದ ಬಂದ ಪೊಲೀಸಿನವನು ಎಲ್ಲ ನೋಡಿ, "ಗೊತ್ತಿದ್ದವರ ಕೆಲಸ, ತಾತ" ಎಂದ. ಬಂದೂಕಿನ ನಂಬರು ಕೇಳಿದ. ಚೀಟಿ ಉದುರಿದ ಕತೆ ಕೇಳಿ ಪುಸ್ತಕ ಮುಚ್ಚಿದ. ಪ್ರಮಾಣಪತ್ರದ ಪ್ರಕಾರ ಕಳೆದುಕೊಂಡವರು ಒಬ್ಬ ಹೆಂಗಸು, ಕಳೆದುಹೋದದ್ದಕ್ಕೆ ಗುರುತೇ ಇಲ್ಲ.

ಒನುಫ್ರಿ ಅಲ್ಲಿಂದ ಸೀದಾ ಅಂಚೆ ಕಚೇರಿಗೆ ಬಂದ. ಟೋಪಿ ತೆಗೆಯಲಿಲ್ಲ.

"ಅದು ತೊಲೆ ಮೇಲಿದೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು ಕೂಮಾ?"

"ನಿನಗೆ. ನನಗೆ."

"ಹೂಂ. ನಾನೂ ಅದನ್ನೇ ಲೆಕ್ಕ ಹಾಕಿದೆ."

"ನಾನು ಯಾರಿಗಾದ್ರೂ ಹೇಳಿದೀನಿ ಅಂತೀಯಾ?"

"ನಾನು ಏನೂ ಅನ್ನಲ್ಲ. ಕೇಳ್ತಿದೀನಿ."

"ಲೆಸ್ಯಾಳ ಆಣೆಗೂ ನನ್ನ ಬಾಯಿಂದ ಹೋಗಿಲ್ಲ ಕೂಮ್. ಕಚೇರಿಯಿಂದಲೂ ಹೋಗಿರಲ್ಲ. ಅಲ್ಲಿ ಎಲ್ಲ ಭದ್ರವಾಗಿ ಇಟ್ಟಿರ್ತಾರೆ."

ಆ ಮೀನುಗಾರನ ಲಕೋಟೆ ಕಂಡ ಮೇಲೂ ಕಚೇರಿಯ ಪರವಾಗಿ ಮಾತಾಡಿದಳಲ್ಲ, ಅದೇ ಅವಳನ್ನು ಆಮೇಲೆ ಹೆಚ್ಚು ಸುಟ್ಟದ್ದು. ಒನುಫ್ರಿ ತನ್ನ ಪೆಟ್ಟಿಗೆಯ ಕಾಗದ ತೆಗೆದುಕೊಂಡು ಹೋದ. ಅಂದಿನಿಂದ ಅವಳ ಚಹಾ ಕುಡಿಯಲು ನಿಲ್ಲುತ್ತಿರಲಿಲ್ಲ. ಊರು ಮಾತ್ರ ಅವಳ ಕಡೆಗೇ ಇತ್ತು. "ಮುದುಕನಿಗೆ ಅರುಳುಮರುಳು. ಡೋಕಿಯಾ ಬಾಯಿ ಬಿಡೋದುಂಟೇ?" ಎಂದ ಹ್ಯಾರಿ. ಅವಳು ಅಷ್ಟರಿಂದಲೇ ಜೀವ ಹಿಡಿದುಕೊಂಡಳು. ಕೊನೆಗೆ ಒಳಗೊಳಗೇ ಹ್ಯಾರಿಯ ಮೇಲೇ ಅನುಮಾನಪಟ್ಟಳು.

ಫೆಬ್ರವರಿಯ ಒಂದು ಬೆಳಗ್ಗೆ, ಮೂಗಿನ ಉಸಿರು ಹೆಪ್ಪುಗಟ್ಟುವ ಚಳಿಯಲ್ಲಿ, ಟಪಾಲಿನ ಚೀಲ ಸುರಿದಾಗ ಒಂದೇ ಥರದ ಹೊಳಪು ಲಕೋಟೆಗಳು ಜಾರಿಬಿದ್ದವು. ಬಂದೂಕು ಇಡುವ ಕಬ್ಬಿಣದ ಬೀರು ಮಾರುವ ಯಾವುದೋ ಕಂಪನಿಯ ಜಾಹೀರಾತು. ಮೇಲೆ ದಪ್ಪ ಅಕ್ಷರದಲ್ಲಿ "ನಿಮ್ಮ ಬಂದೂಕು ಕ್ಷೇಮವಾಗಿದೆಯೇ?" ಎಂದಿತ್ತು. ಅಭ್ಯಾಸಬಲದಿಂದ ಪೆಟ್ಟಿಗೆಗೆ ಹಾಕಲು ಮೊದಲನೆಯದನ್ನು ಎತ್ತಿದಳು. ವಿಳಾಸ ಓದಿದಳು.

"ಒನುಫ್ರಿ ಪಂಚಿಶಿನ್. ಕಣಜದಿಂದ ಪೂರ್ವಕ್ಕೆ ಮೂರು ಮೈಲಿ, ನೀಲಿ ಗೇಟು, ಮನೆಯ ಹಿಂದಿನ ಬೇಸಿಗೆ ಅಡುಗೆಮನೆ, ಒಳಬಾಗಿಲ ಮೇಲಿನ ತೊಲೆ."

ಅವಳದೇ ಮಾತು, ಒಂದಕ್ಷರ ಬಿಡದೆ ಅಚ್ಚಾಗಿತ್ತು. ಉಳಿದವನ್ನು ಎಣಿಸಿದಳು. ಹತ್ತೊಂಬತ್ತು. ತೆಕ್ಲಾಳ ಬೀಟ್‌ರೂಟ್ ಡಬ್ಬಿಗಳೂ ಇದ್ದವು, ಹ್ಯಾರಿಯ ಹಾಸಿಗೆಯ ಕೆಳಗಿನ ಟ್ರಂಕೂ ಇತ್ತು.

ಮತ್ತೆ ಫೋನು, ಮತ್ತೆ ಕಾಯುವುದು. ಈ ಸಲ ಮಾತಾಡಿದವನು ಗಂಡಸು.

"ಸಮೀಕ್ಷೆ ಮಾಡಿಸಕ್ಕೆ ಹೊರಗಿನ ಒಂದು ಸಂಸ್ಥೆಗೆ ವಿಳಾಸಗಳನ್ನ ಕೊಟ್ಟಿದ್ವಿ ಮೇಡಂ. ಅವರು ಮುಂದೆ ಯಾರಿಗೆ ಕೊಟ್ಟರೋ ನಮಗೆ ಮಾಹಿತಿ ಇಲ್ಲ."

"ನಮ್ಮನ್ನ ಕೇಳದೆ?"

"ಕೇಳಿದೀವಲ್ಲ. ಫಾರಂ ಹಿಂಭಾಗದಲ್ಲಿ ಹದಿನಾಲ್ಕನೇ ಅಂಶ. ಅರ್ಜಿದಾರರ ಒಪ್ಪಿಗೆ ಇದೆ. ಸಾಕ್ಷಿಯ ರುಜುವೂ ಇದೆ. ಡಿ. ಹ್ರಿನ್ಚುಕ್ ಅಂತ."

"ನಮ್ಮ ಕೂಮ್‌ನ ಬಂದೂಕು ಕಳುವಾಯ್ತು ಸ್ವಾಮಿ."

"ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೇಳಕ್ಕಾಗಲ್ಲ, ಮೇಡಂ."

ಇಲ್ಲ ಎಂದೂ ಹೇಳಲಾಗುವುದಿಲ್ಲವಲ್ಲ. ಆ ಪಟ್ಟಿ ಎಷ್ಟು ಕೈ ದಾಟಿತೋ, ಯಾವ ಕೈ ಆ ಸ್ಟೂಲನ್ನು ಎಳೆಯಿತೋ, ಇವತ್ತಿಗೂ ಗೊತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರುವುದು? ಅವಳ ನಾಲಿಗೆ ಮೂವತ್ತೊಂದು ವರ್ಷ ಕಾದದ್ದನ್ನು ಅವಳ ಕೈಬರಹ ಕಳೆದಿತ್ತು. ಆ ಕಚೇರಿಯವರು ಅವಳಿಂದಲೇ ಅದನ್ನು ಬರೆಸಿಕೊಂಡರು, ಅವಳ ಹೆಸರನ್ನೇ ಕೆಳಗೆ ಹಾಕಿಸಿಕೊಂಡರು. ಕೇಳಲು ಹೋದರೆ ಆ ಹೆಸರನ್ನೇ ಓದಿ ಹೇಳಿದರು. ಅವಳು ಬಿಲ್ಲೆಯನ್ನು ಡ್ರಾಯರಿನಿಂದ ತೆಗೆದು ಕಸದ ಡಬ್ಬಿಗೆ ಎಸೆದಳು. ಗಟ್ಟಿಯಾಗಿ ಅತ್ತಳು.

ಹಿಂದಿನ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಹತ್ತೊಂಬತ್ತು ಜಾಹೀರಾತು ಸುಡಲು ಎರಡು ನಿಮಿಷ ಸಾಕು. ಬರಲಿಲ್ಲವೆಂದು ಯಾರೂ ಕೇಳುತ್ತಿರಲಿಲ್ಲ. ಊರು ಅವಳ ಕಡೆಗೇ ಉಳಿಯುತ್ತಿತ್ತು. ಒನುಫ್ರಿಯ ಅನುಮಾನ ಮುದುಕನ ಅರುಳುಮರುಳಾಗಿಯೇ ಉಳಿಯುತ್ತಿತ್ತು. ಲಕೋಟೆಗಳನ್ನು ಎತ್ತಿಕೊಂಡು ಒಲೆಯ ಬಾಗಿಲವರೆಗೂ ಹೋದಳು. ಆದರೆ ಸುಟ್ಟರೆ ಈ ಹದಿನೆಂಟು ಜನ ತಮ್ಮ ಬಂದೂಕನ್ನು ಅದದೇ ಜಾಗದಲ್ಲಿ ಇಟ್ಟುಕೊಂಡು ಚರ್ಚಿಗೆ ಹೋಗುತ್ತಾರೆ. ತೆಕ್ಲಾ ಒಂಟಿ ಹೆಂಗಸು, ನೆಲಮಾಳಿಗೆಯ ಬಾಗಿಲ ಪಕ್ಕದಲ್ಲೇ ಮಲಗುವವಳು. ಡೋಕಿಯಾ ಹಿಂದಕ್ಕೆ ಬಂದು ಒಂದೊಂದನ್ನೂ ಒಂದೊಂದು ಪೆಟ್ಟಿಗೆಗೆ ಹಾಕಿದಳು.

ಬಂದವರಿಗೆಲ್ಲ ಅವಳೇ ಬಾಯಿಬಿಟ್ಟು ಹೇಳಿದಳು. "ವಿಳಾಸ ಓದಿ. ನಾನೇ ಬರೆದದ್ದು. ಇವತ್ತೇ ಜಾಗ ಬದಲಾಯಿಸಿ." ಹ್ಯಾರಿ ಓದಿ, ಟ್ರಂಕಿನ ಜಾಗ ಬದಲಾಯಿಸಲು ಮನೆಗೆ ಓಡಿದ. ತೆಕ್ಲಾ, "ಡಬ್ಬಿಗಳ ಹಿಂದೆ ಅಂತ್ಲೂ ಬರೀಬೇಕಿತ್ತೇನೆ?" ಎಂದಳು.

ಒನುಫ್ರಿ ಮಧ್ಯಾಹ್ನ ಬಂದ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ನಿಧಾನವಾಗಿ ಓದಿದ. ಎರಡು ಸಲ ಓದಿದ.

"ತೊಲೆ" ಎಂದ.

"ಹೂಂ ಕೂಮ್."

"ಹಾಗಾದ್ರೆ ನೀನು ಯಾರಿಗೂ ಹೇಳಿರಲಿಲ್ಲ."

"ಇಲ್ಲ."

"ಬರೆದುಕೊಟ್ಟಿದ್ದೆ. ಅಷ್ಟೇ."

"ಹೂಂ. ಬರೆದುಕೊಟ್ಟಿದ್ದೆ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳು ಬೈಸಿಕೊಂಡು, ಅತ್ತು, ಚಹಾ ಇಟ್ಟು, ಹೇಗೋ ಸಂಭಾಳಿಸುತ್ತಿದ್ದಳು. ಅವನು ಲಕೋಟೆಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡ.

"ಕಾಗದ ಬೇರೆ ಊರಿಗೆ ತರಿಸ್ಕೊಳ್ಳೋಕೆ ಒಂದು ಫಾರಂ ಇರುತ್ತಲ್ಲ, ಅದನ್ನ ಕೊಡು ಕೂಮಾ."

ಹತ್ತಿರದ ಬೇರೆ ಅಂಚೆ ಕಚೇರಿ ಇಪ್ಪತ್ತೆರಡು ಮೈಲಿ ದೂರ, ಅವನ ಲಾರಿಗೆ ಹೀಟರಿಲ್ಲ. ಆದರೂ ಅವಳು ಫಾರಂ ಕೊಟ್ಟಳು, ಪೆನ್ನು ಕೊಟ್ಟಳು. ಕೊಡುವಾಗ ಅಭ್ಯಾಸದಂತೆ, "ನಾನು ತುಂಬಿಕೊಡ್ಲಾ?" ಎಂಬ ಮಾತು ಬಾಯಿತುದಿಗೆ ಬಂದು ನಿಂತಿತು.

ಒನುಫ್ರಿ ಕೌಂಟರಿನ ಮೇಲೆ ಬಾಗಿ ಬರೆಯತೊಡಗಿದ. ಬರೆಯುವಾಗ ಎಡಗೈಯನ್ನು ಬಾಗಿಸಿ ಕಾಗದಕ್ಕೆ ಅಡ್ಡ ಇಟ್ಟುಕೊಂಡ, ಶಾಲೆಯ ಮಕ್ಕಳು ಪಕ್ಕದವನಿಗೆ ಕಾಣದ ಹಾಗೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಡೋಕಿಯಾ ಗೋಡೆಯ ಕಡೆ ತಿರುಗಿ ನಿಂತಳು. ಬರೆದು ಮುಗಿಸಿ, ನಾಲ್ಕಾಗಿ ಮಡಿಸಿ, ತಾನೇ ತಂದಿದ್ದ ಲಕೋಟೆಯಲ್ಲಿಟ್ಟು, ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿ, ಹೆಬ್ಬೆರಳಿನಿಂದ ಎರಡು ಸಲ ಒತ್ತಿದ.

"ಇದನ್ನ ದೊಡ್ಡ ಅಂಚೆ ಕಚೇರಿಗೇ ಕಳಿಸ್ಬಿಡು. ನೀನು ತೆಗೆದು ನೋಡೋದು ಬೇಡ."

"ಆಯ್ತು ಕೂಮ್" ಎಂದು ಡೋಕಿಯಾ ಅಂಚೆಚೀಟಿ ಹಚ್ಚಿ, ಅದರ ಮೇಲೆ ಮುದ್ರೆ ಒತ್ತಿದಳು.