ಮರ್ಯಾದೆಗೆ ಹಾಕಿದ ‘ದಿ.’

ಸೆಲ್ವಿಯ ಕೆಲಸ ಹೋದದ್ದು ನನ್ನ ಸುಳ್ಳಿನಿಂದ. ಮೂರು ವರ್ಷ ನಾನು ಬಾಯಿ ಬಿಡಲಿಲ್ಲ.

ತಮಿಳುನಾಡಿನ ಗಡಿಯ ಹೊಸೂರಿನ ಸಣ್ಣ ಪ್ರೆಸ್ಸೊಂದರಲ್ಲಿ ನಾನು ಲಗ್ನಪತ್ರಿಕೆಗಳ ಪ್ರೂಫ್ ನೋಡುತ್ತೇನೆ. ಕಾಗದದ ಮೇಲೆ ಸ್ಕೇಲಿಟ್ಟು, ಒಂದೊಂದೇ ಸಾಲನ್ನು ಬಾಯಲ್ಲಿ ಅಂದುಕೊಂಡು ಓದುತ್ತಿದ್ದಾಗ ನನ್ನ ಕಣ್ಣು ತಪ್ಪಿಸಿ ಒಂದು ಕೊಂಬು ಕೂಡ ಹೋಗುತ್ತಿರಲಿಲ್ಲ — ಆ ಜಂಬ ನನಗೆ ಚೆನ್ನಾಗಿಯೇ ಇತ್ತು. ಆಮೇಲೆ ಪ್ರೂಫ್ ಫೋನಿಗೇ ಬರತೊಡಗಿತು. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಓದುವುದು — ಓದುವುದೇನು, ಬರೀ ನೋಡುವುದು.

ಸೆಲ್ವಿ ನಮ್ಮಲ್ಲಿ ಟೈಪ್ ಮಾಡುತ್ತಿದ್ದಳು. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರಗಳನ್ನು ಹಳೆಯ ಲಗ್ನಪತ್ರಿಕೆಗಳನ್ನು ನೋಡಿ ತಾನೇ ಕಲಿತಿದ್ದಳು. ಹತ್ತಿರದ ಬೇರಿಕೆ ಊರಿನವರ ಮದುವೆಯ ಪತ್ರಿಕೆಯೊಂದರಲ್ಲಿ ಹುಡುಗಿಯ ತಂದೆಯ ಹೆಸರಿಗೆ ‘ಶ್ರೀ’ ಇರಲಿಲ್ಲ. ಹಿರಿಯರಲ್ಲವೇ ಎಂದು, ಮರ್ಯಾದೆಗೆ, ‘ದಿ.’ ಸೇರಿಸಿದಳು. ತಮಿಳಿನಲ್ಲಿ ತ, ದ ಎರಡಕ್ಕೂ ಒಂದೇ ಅಕ್ಷರ. ನಮ್ಮ ‘ದಿವಂಗತ’ದ ‘ದಿ.’ಯನ್ನು ಅವಳು ತಮಿಳಿನ ‘ತಿರು’ ಎಂದುಕೊಂಡಿದ್ದಳು — ಅಂದರೆ ಅವರ ‘ಶ್ರೀ’.

ನಾನು ಬಸ್ಸಿನಲ್ಲಿ ನಿಂತೇ ನೋಡಿ, ‘ಸರಿ ಇದೆ, ಹಾಕು’ ಎಂದು ಬರೆದು ಕಳಿಸಿದೆ.

ಮರುದಿನ ಪತ್ರಿಕೆ ಮನೆ ಸೇರಿ ಹಂಚುವುದೂ ಶುರುವಾಯಿತು. ಅದರ ಮಾರನೆಯ ಬೆಳಿಗ್ಗೆ ಆ ತಂದೆಯೇ ಬಂದರು. ಬೈಯಲಿಲ್ಲ. “ಬದ್ಕಿರೋನ್ನೇ ಸಾಯಿಸ್ಬುಟ್ರಲ್ಲಪ್ಪಾ. ನಮ್ಮನೆಯೋಳು ಅನ್ನ ಮುಟ್ತಿಲ್ಲ” ಎಂದರು.

ಮಾಲೀಕರು ಅವರನ್ನು ಕೂರಿಸಿ ನೀರು ಕೊಡುತ್ತಿದ್ದಾಗ ನಾನು ಒಳಗೆ ಹೋಗಿ ನನ್ನ ಸಂದೇಶವನ್ನು ಅಳಿಸಿದೆ — ನನ್ನ ಫೋನಿನಿಂದ, ಸೆಲ್ವಿಯ ಫೋನಿನಿಂದಲೂ. ಕಾಗದವಾಗಿದ್ದರೆ ನನ್ನ ಸಹಿಯನ್ನು ನಾನೇ ನುಂಗಬೇಕಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಹೊರಗೆ ಬಂದು, “ನಾನು ತಿದ್ದಿ ಹೇಳಿದ್ದೆ, ಅವ್ಳೇ ಹಾಕಿಲ್ಲ” ಎಂದೆ.

“ನೀವೇ ಸರಿ ಅಂದ್ರಲ್ಲಣ್ಣಾ…” ಎಂದು ಫೋನ್ ತೆರೆದಳು. ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾಳೆಯಿಂದ ಬರುವುದು ಬೇಡ ಎಂದು ಮಾಲೀಕರು ಅಲ್ಲೇ ಹೇಳಿದರು. ನಾನು — ನಾನು ಅಲ್ಲೇ ಇದ್ದೆ.

ಹೋದ ತಿಂಗಳು ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. “ಹಳೇದೆಲ್ಲ ಯಾಕೀಗ, ಬಿಡಯ್ಯಾ” ಎಂದು ನಕ್ಕುಬಿಟ್ಟರು. ಬೈದಿದ್ದರೂ ಆಗುತ್ತಿತ್ತು. ಅಲ್ಲಿಂದ ಆಲಸನತ್ತಂನಲ್ಲಿರುವ ಸೆಲ್ವಿಯ ಮನೆಗೆ ಹೋದೆ. ಈಗ ಅವಳು ಯಾವುದೋ ಫ್ಯಾಕ್ಟರಿಯಲ್ಲಿದ್ದಾಳೆ. ತಪ್ಪಾಯಿತು, ಮತ್ತೆ ಪ್ರೆಸ್ಸಿಗೆ ಬಾ ಎಂದೆ.

“ಬ್ಯಾಡಣ್ಣಾ” ಎಂದಳು, ಕೋಪವಿಲ್ಲದೆ. “ಕನ್ನಡ ಅಕ್ಸರ ಕಂಡ್ರೆ ಈಗ ಬಯ ಆಯ್ತದೆ. ಬೆಂಗ್ಳೂರ್ ಬಸ್ ಬೋರ್ಡೂ ಓದಲ್ಲ ನಾನು. ಯಾರ್ನಾದ್ರೂ ಕೇಳ್ಕೋತೀನಿ.”

ಮೂರು ವರ್ಷವೂ, ನಾನು ಅವಳಿಂದ ಕಿತ್ತುಕೊಂಡದ್ದು ಕೆಲಸ ಮಾತ್ರ ಎಂದುಕೊಂಡಿದ್ದೆ.